ಕೈಯಲ್ಲಿ ಗಟ್ಟಿ, ಬಾಯಲ್ಲಿ ಅಂಟು

ಹಲ್ಲಿನ ಡಾಕ್ಟರಾಗಿ ಪ್ರಾಕ್ಟೀಸ್ ಶುರು ಮಾಡಿದ ಎರಡನೇ ವರ್ಷದ ಮಾತು. ಒಬ್ಬ ಹೆಂಗಸಿನ ಕೆಳಗಿನ ದವಡೆಯ ಒಂದು ದೊಡ್ಡ ಹಲ್ಲಿಗೆ ಕ್ಯಾಪ್ ಹಾಕಬೇಕಿತ್ತು, ಅದಕ್ಕೆ ಮೊದಲು ಇಂಪ್ರೆಷನ್, ಅಂದರೆ ಹಲ್ಲಿನ ಅಚ್ಚು ತೆಗೆಯಬೇಕು. ಹಲ್ಲನ್ನು ನನಗೇ ಖುಷಿಯಾಗುವಷ್ಟು ಚೆನ್ನಾಗಿ ತಿದ್ದಿದ್ದೆ. ವಸಡಿನ ಸಂದಿಗೆ ಕಾರ್ಡ್ ಅನ್ನುವ ಸಣ್ಣ ದಾರ ಇಟ್ಟು ವಸಡನ್ನು ಸರಿಸಿದ್ದೆ. ರಕ್ತ ಇಲ್ಲ, ಜೊಲ್ಲು ಇಲ್ಲ, ಮಾರ್ಜಿನ್, ಅಂದರೆ ಕ್ಯಾಪ್ ಬಂದು ಕೂರುವ ಅಂಚು, ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅಸಿಸ್ಟೆಂಟ್ ಪುಟ್ಟಿ ಅನ್ನುವ ಹಿಟ್ಟಿನಂಥ ಸಿಲಿಕೋನ್ ಕಲಸಿ ಟ್ರೇಗೆ ತುಂಬಿದಳು, ನಾನು ಹಲ್ಲಿನ ಸುತ್ತ ಲೈಟ್ ಬಾಡಿ ಅನ್ನುವ ತೆಳು ಸಿಲಿಕೋನ್ ಹಾಕಿ ಟ್ರೇ ಕೂರಿಸಿದೆ. ಎಂದಿನಂತೆ ಒಂದು ಚೂರು ಲೈಟ್ ಬಾಡಿಯನ್ನು ಪಕ್ಕದ ಕಲಸುವ ಪ್ಯಾಡ್ ಮೇಲೂ ಬಿಟ್ಟಿದ್ದೆ. ಐದು ನಿಮಿಷ ಆದಮೇಲೆ ಅದನ್ನು ಉಗುರಿನಿಂದ ಒತ್ತಿ ನೋಡಿದೆ. ಪೆನ್ಸಿಲ್ ರಬ್ಬರ್ ಹಾಗೆ ಒತ್ತಿದ ಗುರುತು ಉಳಿಯದೆ ವಾಪಸ್ ಬಂತು. ಸರಿ, ಆಯಿತು ಅಂತ ಟ್ರೇ ತೆಗೆದೆ.

ದೂರದಿಂದ ಚಂದವಾಗಿತ್ತು. ಲೈಟ್ ಕೆಳಗೆ ಹಿಡಿದಾಗ ಮಾರ್ಜಿನ್ ಉದ್ದಕ್ಕೂ ಒಂದು ಸಣ್ಣ ಪಟ್ಟಿ ಬೇರೆ ಥರ ಹೊಳೆಯುತ್ತಿತ್ತು, ಒದ್ದೆ ಇದ್ದ ಹಾಗೆ. ಗಾಳಿ ಬಿಟ್ಟೆ, ಹೋಗಲಿಲ್ಲ. ಪ್ರೋಬ್ ತುದಿ ತಾಗಿಸಿ ಎತ್ತಿದೆ. ಜೇಡರ ಬಲೆಯ ನೂಲಿನಂತೆ ಒಂದು ಎಳೆ ಜೊತೆಗೇ ಬಂತು.

ಇನ್ನೊಂದು ಇಂಪ್ರೆಷನ್ ತೆಗೆದೆ. ಅದೇ ಕಥೆ. ಲೈಟ್ ಬಾಡಿ ತುಂಬಿದ ಕಾರ್ಟ್ರಿಡ್ಜ್ ಹಳೆಯದಿರಬೇಕು ಅಂತ ಹೊಸದು ಒಡೆದೆ. ಮತ್ತೆ ಅದೇ. "ಇನ್ನೊಂದ್ಸಲನಾ ಮೇಡಂ?" ಅಂತ ಆಕೆ ಕೇಳಿದಾಗ ನನಗೆ ಮುಖ ಎತ್ತಲಾಗಲಿಲ್ಲ. ಆಚೆ ಹೋಗಿ ನನಗೆ ಪಾಠ ಮಾಡಿದ ಸರ್‌ಗೆ ಫೋನ್ ಮಾಡಿದೆ. ಅವರು ಮೆಟೀರಿಯಲ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಕಾರ್ಡ್ ಯಾವ ಗ್ಲೌಸ್ ಹಾಕ್ಕೊಂಡು ಇಟ್ಟೆ?" ಅಂದರು.

ಲೇಟೆಕ್ಸ್. ಪುಟ್ಟಿಯನ್ನು ಲೇಟೆಕ್ಸ್ ಗ್ಲೌಸ್‌ನಲ್ಲಿ ಕಲಸಬಾರದು ಅನ್ನೋದು ಕಾಲೇಜಿನಲ್ಲೇ ಬಾಯಿಪಾಠ ಆಗಿರುತ್ತದೆ. ಅಸಿಸ್ಟೆಂಟ್ ಕೂಡ ಸರಿಯಾಗಿ ವಿನೈಲ್ ಗ್ಲೌಸ್‌ನಲ್ಲೇ ಕಲಸಿದ್ದಳು. ಆದರೆ ನಾನು ಅದೇ ಕಾರ್ಡನ್ನು ಲೇಟೆಕ್ಸ್ ಬೆರಳುಗಳ ನಡುವೆ ತಿರುಚಿ, ವಸಡನ್ನು ಅದೇ ಬೆರಳಲ್ಲಿ ಒತ್ತಿ, ಹಲ್ಲನ್ನು ನಾಲ್ಕು ಸಲ ಮುಟ್ಟಿದ್ದೆ. ಅಷ್ಟು ಸಾಕಿತ್ತು.

ಇದರ ಹಿಂದಿನ ಕೆಮಿಸ್ಟ್ರಿ ಗೊತ್ತಾದರೆ ಮತ್ತೆ ಮರೆಯುವುದಿಲ್ಲ. ಆ ಪುಟ್ಟಿ, ಲೈಟ್ ಬಾಡಿ ಎರಡೂ ನಾವು ಪಿವಿಎಸ್ ಅನ್ನುವ ಅಡಿಷನ್ ಸಿಲಿಕೋನ್, ಅದು ಗಟ್ಟಿಯಾಗುವುದು ಪ್ಲಾಟಿನಂ ಕೆಟಲಿಸ್ಟ್‌ನಿಂದ. ಆ ಪ್ಲಾಟಿನಂ ಇರುವುದೇ ಚೂರೇ ಚೂರು. ಅದು ಖರ್ಚಾಗದೆ ಒಂದು ಕೊಂಡಿಯಾದ ಮೇಲೆ ಇನ್ನೊಂದನ್ನು ಹಾಕುತ್ತಾ ಹೋಗುತ್ತದೆ, ಹಾಗಾಗಿ ಅಷ್ಟೇ ಸಾಕು. ಆದರೆ ಲೇಟೆಕ್ಸ್ ತಯಾರಿಸುವಾಗ ಬಳಸಿದ ಗಂಧಕದ ಅಂಶ ಪ್ಲಾಟಿನಂಗೆ ಅಂಟಿಕೊಂಡುಬಿಟ್ಟರೆ ಅದು ಆಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ. ಕೆಲಸಗಾರರೇ ನಾಲ್ಕು ಜನ ಇರುವ ಕಡೆ ನಾಲ್ಕು ಜನರ ಕೈ ಕಟ್ಟಿದರೆ ಮುಗಿಯಿತಲ್ಲ, ಹಾಗೆ. ಗಂಧಕ ಇದ್ದದ್ದು ವಸಡಿನ ಸಂದಿಯಲ್ಲಿ ಮಾತ್ರ, ಪ್ಯಾಡ್ ಮೇಲೆ ಇರಲಿಲ್ಲ. ಅದಕ್ಕೇ ಪ್ಯಾಡ್ ಮೇಲಿನ ಚೂರು ಗಟ್ಟಿ, ಬಾಯೊಳಗೆ ನಮಗೆ ಬೇಕಾದ ಜಾಗದಲ್ಲೇ ಅಂಟು.

ಆವತ್ತು ವಸಡು ಸೋತುಹೋಗಿತ್ತು, ಅವರನ್ನು ಇನ್ನೊಂದು ದಿನ ಬರಹೇಳಿದೆ. ಹಲ್ಲನ್ನು ಪ್ಯೂಮಿಸ್ ಕಲ್ಲಿನ ಪುಡಿ ಹಾಕಿ ಉಜ್ಜಿ, ತೊಳೆದು, ವಿನೈಲ್ ಗ್ಲೌಸ್‌ನಲ್ಲೇ ಹೊಸ ಕಾರ್ಡ್ ಇಟ್ಟೆ. ಮೊದಲ ಸಲಕ್ಕೇ ಬಂತು.

ಅವತ್ತಿನಿಂದ ಪ್ಯಾಡ್ ಮೇಲಿನ ಚೂರನ್ನು ನಾನು ಅರ್ಧ ಮಾತ್ರ ನಂಬುತ್ತೇನೆ. ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಬೌಲ್‌ನಲ್ಲಿ ಉಳಿದದ್ದನ್ನು ಒತ್ತಿ ನೋಡುವುದು, ಬೆರಳಿಗೆ ಅಂಟಲಿಲ್ಲ ಅಂದರೆ ಟ್ರೇ ಎಳೆಯುವುದು. ಆ ಚೂರು ತಾನು ಕೂತ ಜಾಗದ ಸುದ್ದಿ ಹೇಳುತ್ತದೆ, ಅಷ್ಟೇ. ಬಾಯಿ ಬೇರೆ ಜಾಗ. ಅಲ್ಲಿ ಬಿಸಿ ಇದೆ, ನೀರಿದೆ, ನಾವು ಹಚ್ಚಿದ ಏನೇನೋ ಇದೆ.

ಹಚ್ಚಿದ್ದು ಅಂದಾಗ ನೆನಪಾಯಿತು. ಗ್ಲೌಸ್ ಒಂದೇ ಕಳ್ಳ ಅಲ್ಲ. ಟೆಂಪರರಿ ಕ್ಯಾಪ್ ಮಾಡಿದ ಮೇಲೆ ಇಂಪ್ರೆಷನ್ ತೆಗೆದರೆ, ಹಲ್ಲಿನ ಮೇಲೆ ಉಳಿದ ಅಕ್ರಿಲಿಕ್‌ನ ಜಿಡ್ಡು ಪದರವೂ ಇದೇ ಕೆಲಸ ಮಾಡಬಹುದು. ಹಾಳಾದ ಹಲ್ಲಿನ ತಿರುಳುಭಾಗವನ್ನು ಮತ್ತೆ ಕಟ್ಟಲು ಹಾಕಿದ ಕಾಂಪೊಸಿಟ್ ಅನ್ನುವ ಫಿಲ್ಲಿಂಗ್ ಮೇಲಿನ, ಗಾಳಿ ತಾಗಿ ಪೂರ್ತಿ ಗಟ್ಟಿಯಾಗದೆ ಉಳಿದ ಅಂಟು ಪದರವೂ ಹಾಗೇ. ನಾನು ಮೊದಲು ಇಂಪ್ರೆಷನ್, ಆಮೇಲೆ ಟೆಂಪರರಿ ಅನ್ನುವ ಕ್ರಮ ಇಟ್ಟುಕೊಂಡಿದ್ದೇನೆ. ಉಲ್ಟಾ ಮಾಡಲೇಬೇಕಾದರೆ ಆಲ್ಕೋಹಾಲ್ ಹಾಕಿ ಒರೆಸುತ್ತೇನೆ. ರಕ್ತ ನಿಲ್ಲಿಸಲು ಹಚ್ಚಿದ ದ್ರಾವಣವನ್ನಂತೂ ಚೆನ್ನಾಗಿ ತೊಳೆಯಬೇಕು. ಸುಮ್ನೆ ಹತ್ತಿಯಲ್ಲಿ ಒತ್ತಿದರೆ ಸಾಲದು.

ಈಗ ಸಮಯದ ವಿಷಯ. ಡಬ್ಬಿ ಮೇಲೆ ಎರಡು ಸಮಯ ಇರುತ್ತವೆ, ಕಲಸಿ ಕೂರಿಸಲು ಸಿಗುವ ವರ್ಕಿಂಗ್ ಟೈಮ್ ಮತ್ತು ಗಟ್ಟಿಯಾಗಲು ಬೇಕಾದ ಸೆಟ್ಟಿಂಗ್ ಟೈಮ್. ಎರಡನೆಯದನ್ನು ಎಲ್ಲರೂ ಓದುತ್ತಾರೆ, ಮೊದಲನೆಯದನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನನ್ನ ಪ್ರಕಾರ ಮೊದಲನೆಯದೇ ಅಪಾಯದ್ದು. ಬೇಗ ತೆಗೆದ ಇಂಪ್ರೆಷನ್ ಅಂಟಾಗಿ, ಹರಿದು, ತನ್ನ ತಪ್ಪನ್ನು ತಾನೇ ಹೇಳಿಕೊಳ್ಳುತ್ತದೆ. ತಡವಾಗಿ ಕೂರಿಸಿದ ಇಂಪ್ರೆಷನ್ ಏನೂ ಹೇಳುವುದಿಲ್ಲ. ಸಿಲಿಕೋನ್ ಒಳಗೊಳಗೇ ರಬ್ಬರ್ ಆಗಲು ಶುರುವಾಗಿರುತ್ತದೆ, ಹೊರಗೆ ಇನ್ನೂ ಮೆತ್ತಗೇ ಕಾಣುತ್ತದೆ. ಆಗ ನಾವು ಟ್ರೇ ಒತ್ತಿದರೆ ಅದು ಹರಡುವ ಬದಲು ಹಿಗ್ಗಿ ಜಾಗ ಮಾಡಿಕೊಳ್ಳುತ್ತದೆ. ಬಾಯಿಂದ ತೆಗೆದ ತಕ್ಷಣ ಹಿಗ್ಗಿದ್ದು ವಾಪಸ್ ಹೋಗುತ್ತದೆ. ಗೆರೆ ಗೆರೆಯೂ ಚೆನ್ನಾಗಿ ಮೂಡಿರುತ್ತದೆ, ಗುಳ್ಳೆ ಇಲ್ಲ, ಹರಿದಿಲ್ಲ, ಆದರೆ ಅಳತೆ ತಪ್ಪು. ಲ್ಯಾಬ್‌ನಿಂದ ಬಂದ ಕ್ಯಾಪ್ ಡೈ ಮೇಲೆ, ಅಂದರೆ ಇಂಪ್ರೆಷನ್‌ನಿಂದ ಮಾಡಿದ ಹಲ್ಲಿನ ಪ್ರತಿರೂಪದ ಮೇಲೆ, ಸರಿಯಾಗಿ ಕೂರುತ್ತದೆ, ಹಲ್ಲಿನ ಮೇಲೆ ಕೂರುವುದಿಲ್ಲ. ಆಗ ಲ್ಯಾಬ್‌ನವರಿಗೆ ಬೈಯುತ್ತೇವೆ. ನಾನೂ ಬೈದಿದ್ದೇನೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆ ವರ್ಕಿಂಗ್ ಟೈಮ್ ಕೂಡ ನಮ್ಮ ಕೋಣೆಯದಲ್ಲ. ಸಾಮಾನ್ಯವಾಗಿ ಅದು ಸುಮಾರು 23 ಡಿಗ್ರಿ ಇರುವ ಕೋಣೆಯಲ್ಲಿ ಅಳೆದದ್ದು, ಅದೂ ಕಲಸಲು ಶುರು ಮಾಡಿದ ಕ್ಷಣದಿಂದ ಎಣಿಸಿದ್ದು. ಕಲಸಿ ಮುಗಿಸಿದ ಮೇಲಿಂದ ಅಲ್ಲ. ಬಿಸಿಲಿನ ದಿನ, ಫ್ಯಾನ್ ಮಾತ್ರ ಇರುವ ಕೋಣೆಯಲ್ಲಿ, ಎರಡು ನಿಮಿಷ ಅಂತ ಬರೆದದ್ದು ಅಷ್ಟು ಸಿಗುವುದೇ ಇಲ್ಲ. ಪುಟ್ಟಿಯನ್ನು ಅಂಗೈಯಲ್ಲಿ ಹಿಸುಕಿ ಕಲಸಿದರೆ ಕೈಬಿಸಿಗೆ ಇನ್ನೂ ಬೇಗ ಬಿಗಿಯುತ್ತದೆ, ಅದಕ್ಕೇ ಬೆರಳ ತುದಿಯಲ್ಲಿ ಕಲಸಬೇಕು. ಬಣ್ಣದ ಗೆರೆ ಒಂದೂ ಉಳಿಯಬಾರದು, ಆದರೆ ಅದಕ್ಕೆ ಒಂದು ನಿಮಿಷ ತಗೊಳ್ಳುವಷ್ಟು ಪುರುಸೊತ್ತೂ ಇಲ್ಲ. ನಾನು ಪುಟ್ಟಿ, ಕಾರ್ಟ್ರಿಡ್ಜ್ ಎರಡನ್ನೂ ಬೇಸಿಗೆಯಲ್ಲಿ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿ ಇಟ್ಟು ತೆಗೆಯುತ್ತೇನೆ. ಸಮಯ ಸಿಗುತ್ತದೆ. ಆದರೆ ತೀರಾ ತಣ್ಣಗಾದರೆ ಕಾರ್ಟ್ರಿಡ್ಜ್‌ನಿಂದ ಮೆಟೀರಿಯಲ್ ತಳ್ಳುವ ಗನ್ ಒತ್ತಲು ಎರಡು ಕೈ ಬೇಕಾಗುತ್ತದೆ.

ಗನ್ ವಿಷಯದಲ್ಲಿ ಒಂದೇ ಮಾತು. ಹೊಸ ಟಿಪ್ ಹಾಕುವ ಮುಂಚೆ ಕಾರ್ಟ್ರಿಡ್ಜ್‌ನ ಬೇಸ್ ಮತ್ತು ಕೆಟಲಿಸ್ಟ್ ಎರಡೂ ತೂತುಗಳಿಂದ ಸಮನಾಗಿ ಬರುವ ತನಕ ಸ್ವಲ್ಪ ಹೊರಗೆ ಬಿಡಿ. ಒಂದು ತೂತಿನ ಬಾಯಲ್ಲಿ ಒಣಗಿದ ಚೂರು ಕೂತಿದ್ದರೆ ಒಂದು ಜಾಸ್ತಿ, ಇನ್ನೊಂದು ಕಡಿಮೆ ಬರುತ್ತದೆ. ಕಡ್ಲೆಯಷ್ಟು ಮೆಟೀರಿಯಲ್ ಹಾಳಾಗುತ್ತದೆ ಅಂತ ಜಿಪುಣತನ ಮಾಡಿ ಇಡೀ ಇಂಪ್ರೆಷನ್ ಕಳೆದುಕೊಂಡವರಲ್ಲಿ ನಾನೂ ಒಬ್ಬಳು.

ಇಂಪ್ರೆಷನ್‌ಗೆ ಬಳಸುವ ಇನ್ನೊಂದು ಮೆಟೀರಿಯಲ್ ಅಲ್ಜಿನೇಟ್, ಅದು ಪೂರ್ತಿ ಬೇರೆ ಜಾತಿ. ಅಗ್ಗ, ಸುಲಭ ಅಂತ ಎಲ್ಲರೂ ಅದನ್ನು ಉಡಾಫೆ ಮಾಡುತ್ತಾರೆ, ಹಾಗಾಗಿಯೇ ಅದರಲ್ಲೇ ಜಾಸ್ತಿ ಎಡವುತ್ತಾರೆ. ಇದು ಸಮುದ್ರದ ಕಂದು ಪಾಚಿಯಿಂದ ಬಂದದ್ದು. ಅದಕ್ಕೂ ಮುಂಚೆ ಇದ್ದದ್ದು ಇನ್ನೊಂದು ಪಾಚಿಯಿಂದ ಬರುವ ಅಗರ್. ಎರಡನೇ ಮಹಾಯುದ್ಧದ ಹೊತ್ತಿಗೆ ಜಪಾನ್‌ನಿಂದ ಬರುತ್ತಿದ್ದ ಅಗರ್ ನಿಂತುಹೋಯಿತು, ಬದಲಿ ಹುಡುಕುವ ಅವಸರದಲ್ಲಿ ಅಲ್ಜಿನೇಟ್ ಮುಂದೆ ಬಂತು. ಅಗರ್ ತಣ್ಣಗಾದರೆ ಗಟ್ಟಿ, ಬಿಸಿ ಮಾಡಿದರೆ ಮತ್ತೆ ನೀರು. ಅಲ್ಜಿನೇಟ್ ಹಾಗಲ್ಲ, ಒಂದು ಸಲ ಗಟ್ಟಿಯಾದರೆ ಮುಗಿಯಿತು.

ಅದರ ಪುಡಿಯೊಳಗೆ ನಡೆಯುವ ಆಟ ನನಗೆ ತುಂಬಾ ಇಷ್ಟ. ನೀರು ಬಿದ್ದ ಕೂಡಲೇ ಕ್ಯಾಲ್ಸಿಯಂ ಸಲ್ಫೇಟ್ ಕರಗಿ ಕ್ಯಾಲ್ಸಿಯಂ ಬಿಡಲು ಶುರು ಮಾಡುತ್ತದೆ. ಆ ಕ್ಯಾಲ್ಸಿಯಂ ಅಲ್ಜಿನೇಟ್‌ನ ಉದ್ದುದ್ದ ಸರಪಳಿಗಳನ್ನು ಒಂದಕ್ಕೊಂದು ಹೆಣೆದರೆ ಜೆಲ್ ಆಗಿಬಿಡುತ್ತದೆ. ತಡೆಯುವವರು ಯಾರೂ ಇಲ್ಲದಿದ್ದರೆ ಬೌಲ್‌ನಲ್ಲೇ ಕೆಲಸ ಮುಗಿಯುತ್ತಿತ್ತು. ಅದಕ್ಕೆ ಪುಡಿಯಲ್ಲಿ ಟ್ರೈಸೋಡಿಯಂ ಫಾಸ್ಫೇಟ್ ಹಾಕಿರುತ್ತಾರೆ. ಬಂದ ಬಂದ ಕ್ಯಾಲ್ಸಿಯಂ ಅನ್ನು ಮೊದಲು ಅದು ಹಿಡಿದುಕೊಳ್ಳುತ್ತದೆ. ಫಾಸ್ಫೇಟ್ ಇರುವ ತನಕ ನಮಗೆ ಟೈಮ್. ಅದು ಖಾಲಿಯಾದ ಕ್ಷಣ ಬಾಗಿಲು ಕಾಯುವವನು ಎದ್ದು ಹೋದ ಹಾಗೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದಕ್ಕೇ ಅಲ್ಜಿನೇಟ್ ನಿಧಾನವಾಗಿ ಗಟ್ಟಿಯಾದಂತೆ ಅನ್ನಿಸುವುದಿಲ್ಲ. ಇದ್ದಕ್ಕಿದ್ದ ಹಾಗೆ ಬಿಗಿಯುತ್ತದೆ.

ಈ ಆಟಕ್ಕೆ ಬೆಂಕಿ ಹಾಕುವುದು ನೀರಿನ ಬಿಸಿ. ಪಠ್ಯಪುಸ್ತಕದ ಲೆಕ್ಕ ಏನೆಂದರೆ ನೀರು 10 ಡಿಗ್ರಿ ಬಿಸಿಯಾದರೆ ಸುಮಾರು ಒಂದು ನಿಮಿಷ ಹೋಯಿತು. ರೆಗ್ಯುಲರ್ ಸೆಟ್ ಅಲ್ಜಿನೇಟ್‌ಗೆ ಇರುವುದೇ ಮೂರೋ ನಾಲ್ಕೋ ನಿಮಿಷ, ಅದರಲ್ಲಿ ಒಂದು ನಿಮಿಷ ಕಲಸಲು. ಮಧ್ಯಾಹ್ನದ ಹೊತ್ತು ಟ್ಯಾಂಕ್‌ನಲ್ಲಿ ಕಾದ ನಲ್ಲಿ ನೀರನ್ನು ಹಾಗೇ ಹಿಡಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ನಾನು ಒಂದು ಬಾಟಲಿಯಲ್ಲಿ ನೀರು ತಣ್ಣಗಿಟ್ಟಿರುತ್ತೇನೆ. ಮಕ್ಕಳಿಗೆ, ವಾಕರಿಕೆ ಬರುವವರಿಗೆ ಬೇಗ ಸೆಟ್ ಆಗಬೇಕು, ಅಂಥವರಿಗೆ ಸ್ವಲ್ಪ ಕಡಿಮೆ ತಣ್ಣನೆಯ ನೀರು. ಬೇಗ ಆಗಲಿ ಅಂತ ಪುಡಿ ಜಾಸ್ತಿ ಹಾಕುವುದು, ತಡವಾಗಲಿ ಅಂತ ನೀರು ಜಾಸ್ತಿ ಸುರಿಯುವುದು ಮಾಡಬೇಡಿ. ಸಮಯವೇನೋ ಬದಲಾಗುತ್ತದೆ, ಜೊತೆಗೆ ಅದರ ಗಟ್ಟಿತನ, ಹಿಗ್ಗುವ ಗುಣ ಎಲ್ಲವೂ ಬದಲಾಗಿ ಹಲ್ಲಿನ ಸಂದಿಯಲ್ಲೇ ಹರಿದು ಉಳಿಯುತ್ತದೆ. ಇನ್ನೊಂದು, ನೀರಿನಲ್ಲಿ ಖನಿಜ ಜಾಸ್ತಿ ಇದ್ದರೂ ಬೇಗ ಬಿಗಿಯುತ್ತದೆ.

ಡಬ್ಬಿ ತೆರೆಯುವ ಮುಂಚೆ ಒಮ್ಮೆ ಉರುಳಿಸಿ ಅಲ್ಲಾಡಿಸಬೇಕು. ಪುಡಿ ಕೆಳಗೆ ಒತ್ತಾಗಿ ಕೂತಿದ್ದರೆ ಅದೇ ಸ್ಕೂಪ್‌ನಲ್ಲಿ ಜಾಸ್ತಿ ಪುಡಿ ಬರುತ್ತದೆ. ಆಮೇಲೆ ಕೂಡಲೇ ಮುಚ್ಚಳ ತೆಗೆದು ಮೂಗು ಒಳಗೆ ಹಾಕಬೇಡಿ. ಆ ದೂಳಿನಲ್ಲಿ ಸಿಲಿಕಾ ಇರುತ್ತದೆ, ಕೂರಲು ಬಿಡಿ. ಬೌಲ್‌ಗೆ ಮೊದಲು ನೀರು, ಆಮೇಲೆ ಪುಡಿ. ಮೊದಲು ಸುಮ್ನೆ ನೆನೆಸುವ ಹಾಗೆ ತಿರುಗಿಸಿ, ನಂತರ ಸ್ಪಾಚುಲಾವನ್ನು ಬೌಲ್‌ನ ಗೋಡೆಗೆ ಒತ್ತಿ ಒತ್ತಿ, ಬೌಲ್ ತಿರುಗಿಸುತ್ತಾ ಉಜ್ಜಬೇಕು. ಬೌಲ್ ಮಧ್ಯದಲ್ಲಿ ಗಿರಗಿರ ತಿರುಗಿಸಿದರೆ ಗಾಳಿ ಸೇರುತ್ತದೆ ಅಷ್ಟೇ. ಸರಿಯಾಗಿ ಕಲಸಿದ್ದು ಕಣ್ಣಿಗೇ ಗೊತ್ತಾಗುತ್ತದೆ. ಕಾಳು ಕಾಳಾಗಿದ್ದದ್ದು ಒಂದು ಹಂತದಲ್ಲಿ ನುಣ್ಣಗಾಗಿ ಹೊಳೆಯುತ್ತದೆ, ಸ್ಪಾಚುಲಾ ಎತ್ತಿದರೆ ತೊಟ್ಟಿಕ್ಕದೆ ಅದರ ಮೇಲೇ ಕೂರುತ್ತದೆ.

ಟ್ರೇ ಕೂರಿಸುವಾಗ ಹಿಂದಿನ ಭಾಗ ಮೊದಲು, ಮುಂದಿನದು ಆಮೇಲೆ. ಹೆಚ್ಚಾದದ್ದು ಗಂಟಲ ಕಡೆ ಹೋಗದೆ ಮುಂದಕ್ಕೆ ಬರುತ್ತದೆ. ವಾಕರಿಕೆಯವರಿಗೆ ತಲೆ ಸ್ವಲ್ಪ ಮುಂದಕ್ಕೆ, ಉಸಿರು ಮೂಗಿನಲ್ಲಿ. ಇದೆಲ್ಲ ನಿಮಗೆ ಗೊತ್ತಿರುವುದೇ.

ಜಾಸ್ತಿ ಜನಕ್ಕೆ ಹೊಳೆಯದ ಸಂಗತಿ ಇದು: ಬಾಯೊಳಗೆ ಅಲ್ಜಿನೇಟ್ ಎಲ್ಲ ಕಡೆ ಒಟ್ಟಿಗೆ ಗಟ್ಟಿಯಾಗುವುದಿಲ್ಲ. ಹಲ್ಲು, ವಸಡು ಬೆಚ್ಚಗಿರುವ ಕಾರಣ ಅವುಗಳಿಗೆ ತಾಗಿದ ಪದರ ಮೊದಲು ಬಿಗಿಯುತ್ತದೆ, ಟ್ರೇ ಕಡೆಯದು ಆಮೇಲೆ. ಅಂದರೆ ನಡುವೆ ಕೆಲವು ಸೆಕೆಂಡುಗಳ ಕಾಲ ಹಲ್ಲಿಗೆ ಅಂಟಿದ್ದು ಜೆಲ್, ಅದರ ಹಿಂದೆ ಇನ್ನೂ ಮೆತ್ತಗಿನದು. ಆ ಹೊತ್ತಿನಲ್ಲಿ ಟ್ರೇ ಮೇಲೆ ಬೆರಳು ಬದಲಾಯಿಸಿದರೆ, ಅಸಿಸ್ಟೆಂಟ್‌ಗೆ ಹಿಡಿ ಅಂತ ಕೊಟ್ಟು ಫೋನ್ ನೋಡಲು ಹೋದರೆ, ಮೊದಲೇ ಬಿಗಿದ ಪದರದ ಮೇಲೆ ಒತ್ತಡ ಬಿದ್ದು ಅಲ್ಲೇ ಉಳಿಯುತ್ತದೆ. ಅಗರ್‌ನಲ್ಲಿ ಇದು ಉಲ್ಟಾ. ಅಲ್ಲಿ ಟ್ರೇ ಒಳಗೆ ತಣ್ಣೀರು ಹರಿಸುತ್ತಿದ್ದರು, ಹಾಗಾಗಿ ಟ್ರೇ ಕಡೆಯಿಂದ ಗಟ್ಟಿಯಾಗುತ್ತಾ ಬರುತ್ತಿತ್ತು. ಅಲ್ಜಿನೇಟ್‌ನಲ್ಲಿ ಕೂರಿಸಿದ ಮೇಲೆ ಒತ್ತುವುದಲ್ಲ, ಹಿಡಿಯುವುದು ಮಾತ್ರ. ಆ ಎರಡು ನಿಮಿಷ ನಾನು ಯಾರ ಜೊತೆಗೂ ಮಾತಾಡುವುದಿಲ್ಲ.

ಬೌಲ್‌ನಲ್ಲಿ ಉಳಿದದ್ದು ಬೆರಳಿಗೆ ಅಂಟುತ್ತಿಲ್ಲ ಅಂದರೆ ಜೆಲ್ ಆಯಿತು ಅಂತ ಅರ್ಥ, ತೆಗೆಯಬಹುದು ಅಂತ ಅಲ್ಲ. ಅಲ್ಲಿಂದ ಇನ್ನೂ ಎರಡು ಮೂರು ನಿಮಿಷ ಬಿಟ್ಟರೆ ಅದರ ಶಕ್ತಿ ಚೆನ್ನಾಗಿ ಏರುತ್ತದೆ, ಹರಿಯುವುದು ಕಡಿಮೆಯಾಗುತ್ತದೆ. ಎದುರಿಗಿರುವವರು ಕಣ್ಣಲ್ಲೇ ಬೇಡಿಕೊಳ್ಳುತ್ತಿರುತ್ತಾರೆ, ಬಟ್ಟೆ ಮೇಲೆ ಜೊಲ್ಲು ಬೀಳುತ್ತಿರುತ್ತದೆ, ನಮಗೂ ಅವಸರ. ಆದರೂ ಗಡಿಯಾರ ನೋಡಿ. ತೆಗೆಯುವಾಗ ಮಾತ್ರ ಒಂದೇ ಏಟಿಗೆ ಎಳೆಯಬೇಕು. ತುಟಿ ಸರಿಸಿ, ಅಂಚಿನಿಂದ ಗಾಳಿ ಒಳಗೆ ಹೋಗಲು ಬಿಟ್ಟು, ಹಲ್ಲಿನ ನೇರಕ್ಕೆ ಟಕ್ಕಂತ. ನೋವಾಗಬಾರದು ಅಂತ ಮೆಲ್ಲಗೆ ಅಲ್ಲಾಡಿಸಿ ಅಲ್ಲಾಡಿಸಿ ತೆಗೆಯುವವರನ್ನು ನೋಡಿದರೆ ನನಗೆ ಕೈ ಕಟ್ಟಿ ನಿಲ್ಲಲು ಆಗುವುದಿಲ್ಲ. ಅಲ್ಜಿನೇಟ್‌ನ ಗುಣವೇ ಹಾಗೆ: ಬೇಗ ಎಳೆದರೆ ತಡೆದುಕೊಂಡು ವಾಪಸ್ ತನ್ನ ಆಕಾರಕ್ಕೆ ಬರುತ್ತದೆ, ನಿಧಾನಕ್ಕೆ ಎಳೆದರೆ ಹರಿಯುತ್ತದೆ, ಹರಿಯದಿದ್ದರೂ ಎಳೆದ ಹಾಗೇ ಸ್ವಲ್ಪ ಉಳಿದುಬಿಡುತ್ತದೆ.

ತೆಗೆದ ಮೇಲೆ ಅದು ದಿನಗಟ್ಟಲೆ ಇಡುವ ಸಾಮಾನಲ್ಲ. ಸುಮಾರು 16 ಗ್ರಾಂ ಪುಡಿಗೆ 38-40 ಮಿಲಿ ನೀರು ಹಾಕಿರುತ್ತೇವೆ, ಅಂದರೆ ಕೈಯಲ್ಲಿ ಹಿಡಿದಿರುವುದು ಬಹುಪಾಲು ನೀರೇ. ಬೆಂಚ್ ಮೇಲೆ ಇಟ್ಟರೆ ಒಣಗಿ ಕುಗ್ಗುತ್ತದೆ, ನೀರಲ್ಲಿ ಮುಳುಗಿಸಿಟ್ಟರೆ ಕುಡಿದು ಉಬ್ಬುತ್ತದೆ. ಒದ್ದೆ ಟಿಶ್ಯೂ ಸುತ್ತಿ ಕವರ್‌ನಲ್ಲಿ ಇಟ್ಟರೂ ತನ್ನಷ್ಟಕ್ಕೆ ಬೆವರುತ್ತಾ ಇರುತ್ತದೆ. ಜೊಲ್ಲು ತೊಳೆದು, ಡಿಸ್‌ಇನ್ಫೆಕ್ಟೆಂಟ್ ಸ್ಪ್ರೇ ಮಾಡಿ ಹತ್ತು ನಿಮಿಷ ಕವರ್‌ನಲ್ಲಿ ಇಟ್ಟು, ತೊಳೆದು, ಕೂಡಲೇ ಸ್ಟೋನ್, ಅಂದರೆ ಅಚ್ಚಿಗೆ ಸುರಿಯುವ ಜಿಪ್ಸಂ, ಸುರಿಯಿರಿ. ಲ್ಯಾಬ್ ಹುಡುಗ ಸಂಜೆ ಬರುತ್ತಾನೆ, ಅವನ ಕೈಗೆ ಕೊಟ್ಟರಾಯಿತು ಅನ್ನುವುದಿದೆಯಲ್ಲ, ಅದಕ್ಕಿಂತ ಆ ಇಂಪ್ರೆಷನ್ ತೆಗೆಯದೇ ಇದ್ದರೆ ವಾಸಿ. ಸ್ಟೋನ್ ಗಟ್ಟಿಯಾಗಿ ಮುಕ್ಕಾಲು ಗಂಟೆ, ಒಂದು ಗಂಟೆಯಲ್ಲಿ ಬಿಡಿಸಿ. ರಾತ್ರಿಯೆಲ್ಲ ಬಿಟ್ಟರೆ ಕ್ಯಾಸ್ಟ್‌ನ, ಅಂದರೆ ಆ ಸ್ಟೋನ್ ಪ್ರತಿರೂಪದ ಮೇಲ್ಮೈ ಸುಣ್ಣದ ಪುಡಿಯಂತಾಗುತ್ತದೆ.

ಪಿವಿಎಸ್‌ಗೆ ಇದೇ ಅವಸರ ತೋರಿಸಿದರೆ ಉಲ್ಟಾ ಹೊಡೆಯುತ್ತದೆ. ಕೆಲವು ಪಿವಿಎಸ್ ಗಟ್ಟಿಯಾದ ಮೇಲೂ ಸ್ವಲ್ಪ ಹೊತ್ತು ಹೈಡ್ರೋಜನ್ ಬಿಡುತ್ತಿರುತ್ತವೆ. ಕೂಡಲೇ ಸ್ಟೋನ್ ಸುರಿದರೆ ಡೈ ಮೇಲೆ ಸೂಜಿಮೊನೆಯಂಥ ಗುಳಿಗಳು ಬೀಳುತ್ತವೆ. ಅದನ್ನು ಹೀರಿಕೊಳ್ಳಲು ಪಲ್ಲಾಡಿಯಂ ಹಾಕಿದ ಮೆಟೀರಿಯಲ್‌ಗಳೂ ಇವೆ. ನನಗೆ ನಂಬಿಕೆ ಸಾಲದು, ಒಂದು ಗಂಟೆ ಬಿಡುತ್ತೇನೆ. ಕೆಲವು ದಿನ ಇಟ್ಟರೂ ಅಳತೆ ಹೆಚ್ಚು ಕದಲುವುದಿಲ್ಲ, ಅದೇ ಅದರ ದೊಡ್ಡ ಗುಣ. ಕಂಡೆನ್ಸೇಷನ್ ಸಿಲಿಕೋನ್ ಅನ್ನು ಅದರ ಅಣ್ಣ ಅಂತ ಅಂದುಕೊಂಡು ಅದೇ ಥರ ಇಡಬೇಡಿ. ಅದು ಗಟ್ಟಿಯಾಗುವಾಗ ಆಲ್ಕೋಹಾಲ್ ಹುಟ್ಟುತ್ತದೆ, ಅದು ಆರುತ್ತಾ ಹೋದಂತೆ ಇಂಪ್ರೆಷನ್ ಕುಗ್ಗುತ್ತದೆ. ಅದನ್ನು ಬೇಗ ಸುರಿಯಬೇಕು.

ಪಾಲಿಈಥರ್ ಅನ್ನುವ ಇನ್ನೊಂದು ಇಂಪ್ರೆಷನ್ ಮೆಟೀರಿಯಲ್ ಬಗ್ಗೆ ಒಂದು ಎಚ್ಚರಿಕೆ. ತೇವ ಇದ್ದರೂ ಚೆನ್ನಾಗಿ ಹರಡುತ್ತದೆ, ಗೆರೆಗಳು ಅದ್ಭುತವಾಗಿ ಮೂಡುತ್ತವೆ, ಆದರೆ ಗಟ್ಟಿಯಾದ ಮೇಲೆ ಬಿರುಸು. ಪಕ್ಕದ ಹಲ್ಲುಗಳಿಗೆ ಕೂರಿಸಿದ ಹಳೆಯ ಕಟ್ಟು ಹಲ್ಲು, ಅಂದರೆ ಬ್ರಿಡ್ಜ್ ಕೆಳಗಿನ ಸಂದಿ, ಅಲುಗಾಡುವ ಹಲ್ಲಿನ ಸುತ್ತ ಒಳಸರಿದ ಅಂಡರ್‌ಕಟ್ ಇವನ್ನೆಲ್ಲ ಮೊದಲೇ ಮೇಣದಿಂದ ಮುಚ್ಚಿಕೊಳ್ಳಿ. ಒಂದು ಸಲ ಮುಚ್ಚದೆ ಕೂರಿಸಿ, ಟ್ರೇ ಬಾರದೆ, ಆ ಮನುಷ್ಯನ ಕಣ್ಣಲ್ಲಿ ನೀರು, ನನ್ನ ಬೆನ್ನಲ್ಲಿ ಬೆವರು. ಕೊನೆಗೂ ಬಂತು, ಜೊತೆಗೆ ಹಳೆಯ ಬ್ರಿಡ್ಜ್ ಕೂಡ ಬಂತು. ಪಾಲಿಈಥರ್ ನೀರು ಕುಡಿಯುವ ಸ್ವಭಾವದ್ದು, ಒಣಗಿಸಿಯೇ ಇಡಬೇಕು. ಎದುರು ದವಡೆಯ ಅಲ್ಜಿನೇಟ್ ಜೊತೆ ಒಂದೇ ಒದ್ದೆ ಕವರ್‌ನಲ್ಲಿ ಹಾಕಿ ಕಳಿಸುವುದನ್ನು ಈಗಲೂ ನೋಡುತ್ತೇನೆ.

ಗ್ಲೌಸ್ ಕಥೆಗೆ ಒಂದು ಬಾಲ ಇದೆ. ಲೇಟೆಕ್ಸ್ ಬಿಟ್ಟು ನೈಟ್ರೈಲ್‌ಗೆ ಬಂದರೆ ಚಿಂತೆ ಇಲ್ಲ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಲೇಟೆಕ್ಸ್ ಅಲ್ಲದ ಕೆಲವು ಗ್ಲೌಸ್ ತಯಾರಿಯಲ್ಲೂ ಗಂಧಕದ ಸಂಯುಕ್ತಗಳನ್ನು ಬಳಸುತ್ತಾರೆ. ಅದಕ್ಕೆ ಹೊಸ ಡಬ್ಬಿ ಗ್ಲೌಸ್ ಬಂದಾಗಲೆಲ್ಲ ಒಂದು ಜೋಡಿ ಹಾಕಿಕೊಂಡು ಗೋಲಿಯಷ್ಟು ಪುಟ್ಟಿ ಕಲಸಿ, ಪಕ್ಕದಲ್ಲಿ ಚೆನ್ನಾಗಿ ತೊಳೆದ ಬರಿಗೈಯಲ್ಲಿ ಕಲಸಿದ ಇನ್ನೊಂದು ಉಂಡೆ ಇಟ್ಟು ನೋಡುವುದು ನಮ್ಮಲ್ಲಿ ರೂಢಿ. ಕಳೆದ ವಾರವೂ ಮಾಡಿದೆವು. ಐದು ನಿಮಿಷಕ್ಕೆ ಬರಿಗೈಯ ಉಂಡೆ ಟೇಬಲ್ ಮೇಲೆ ಹಾಕಿದರೆ ಪುಟಿಯಿತು. ಗ್ಲೌಸ್‌ನ ಉಂಡೆಯನ್ನು ಅಸಿಸ್ಟೆಂಟ್ ಒತ್ತಿದಳು, ಬೆರಳ ಗುರುತು ಹಾಗೇ ಉಳಿಯಿತು. ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಒತ್ತಿ, "ಮೇಡಂ, ಇದು ಇನ್ನೂ ಮೆತ್ತಗೇ ಇದೆ" ಅಂದಳು. ಆ ಡಬ್ಬಿ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ "ಕ್ಲೀನಿಂಗ್‌ಗೆ ಮಾತ್ರ" ಅಂತ ಬರೆದು ಸಿಂಕ್ ಹತ್ತಿರ ಇಟ್ಟಿದ್ದೇವೆ.